ಹಳೆಯ ಇಟಾಲಿಯನ್ ಸ್ಟೀಲ್ ರೇಸ್ ಸೈಕಲ್‌ಗೆ ಅದರ ಕಾಲದ ಬಿಡಿಭಾಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರೇಮ್ ಕೈಗೆ ಬಂದಿದೆ. ಮೊದಲು ಯಾವ ಭಾಗ ಕೊಳ್ಳಲಿ?

ಸದ್ಯಕ್ಕೆ ಒಂದನ್ನೂ ಕೊಳ್ಳಬೇಡಿ. ಮೊದಲು ಫ್ರೇಮಿನ ವರ್ಷ ಗೊತ್ತು ಮಾಡಿಕೊಳ್ಳಿ, ಅಳತೆಗಳನ್ನು ಬರೆದಿಟ್ಟುಕೊಳ್ಳಿ. ಹೊಳೆಯುವ ಡಿರೇಲರ್ (ಚೈನನ್ನು ಸರಿಸಿ ಗೇರ್ ಬದಲಿಸುವ ಭಾಗ) ಒಂದು ಅಗ್ಗಕ್ಕೆ ಸಿಕ್ಕಿತೆಂದು ಮೊದಲೇ ಕೊಂಡು, ಆಮೇಲೆ ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಲು ಹೋಗಿ ದುಡ್ಡು ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ನಾನೂ ಮೊದಲ ಸೈಕಲ್‌ನಲ್ಲಿ ಅದೇ ತಪ್ಪು ಮಾಡಿದೆ: 1970ರ ದಶಕದ ಕೊನೆಯ ಫ್ರೇಮಿಗೆ 1980ರ ದಶಕದ ಮಧ್ಯದ ಬ್ರೇಕ್ ತಂದೆ. ಬ್ರೇಕಿನ ಹಿಂದೆ ಅಲೆನ್ ಕೀ ಹಾಕುವ ಕುಳಿನಟ್ಟು, ಫ್ರೇಮಿನಲ್ಲಿ ಸಾದಾ ನಟ್ಟಿನ ಸಣ್ಣ ತೂತು. ಆ ತೂತನ್ನು ಡ್ರಿಲ್ ಮಾಡಿ ದೊಡ್ಡದು ಮಾಡಲು ಮನಸ್ಸು ಒಪ್ಪಲಿಲ್ಲ. ಬ್ರೇಕ್ ಇವತ್ತಿಗೂ ಡಬ್ಬದಲ್ಲೇ ಇದೆ.

ಫ್ರೇಮ್ ಯಾವ ವರ್ಷದ್ದೆಂದು ಹೇಗೆ ತಿಳಿಯುವುದು? ಸ್ಟಿಕ್ಕರ್ ನೋಡಿದರೆ ಸಾಲದೇ?

ಸಾಲದು. ಹಳೆಯ ಸ್ಟಿಕ್ಕರ್‌ಗಳ ಹೊಸ ಪ್ರತಿಗಳನ್ನು ಇವತ್ತು ಯಾರು ಬೇಕಾದರೂ ತರಿಸಿಕೊಳ್ಳಬಹುದು. ಬಣ್ಣ ಬಳಿದು ಮೇಲೆ ಯಾವ ಹೆಸರು ಅಂಟಿಸಿದರೂ ಅಂಟುತ್ತದೆ. ಬೆಸುಗೆ ಹಾಕಿ ಕೂರಿಸಿದ್ದನ್ನು ಮಾತ್ರ ಹಾಗೆ ಸುಲಭವಾಗಿ ಬದಲಿಸಲು ಬರುವುದಿಲ್ಲ. ಆದ್ದರಿಂದ ಕಣ್ಣು ಅಲ್ಲಿಗೆ ಹೋಗಲಿ.

ಬ್ರೇಕಿನ ಕೇಬಲ್ ಮೇಲಿನ ಕೊಳವೆಯ ಮೇಲೆ ಹೇಗೆ ಸಾಗುತ್ತದೆ ನೋಡಿ. ಪಟ್ಟಿ ಕ್ಲಿಪ್ಪುಗಳಿಂದ ಕಟ್ಟಬೇಕಾಗಿದ್ದರೆ, ಗೇರ್ ಲಿವರ್ ಕೂರಿಸಲು ಫ್ರೇಮಿನಲ್ಲಿ ಗುಬುಟು ಇಲ್ಲದಿದ್ದರೆ, ಅದು ಸಾಮಾನ್ಯವಾಗಿ 1970ರ ದಶಕದ ಮಧ್ಯಕ್ಕಿಂತ ಹಿಂದಿನದು. ಕೇಬಲ್ ಹಿಡಿಗಳನ್ನು ಫ್ರೇಮಿಗೇ ಬೆಸೆದಿದ್ದರೆ ಅದರ ನಂತರದ್ದು. ಗೇರಿನ ಕೇಬಲ್ ಬಾಟಮ್ ಬ್ರಾಕೆಟ್‌ನ (ಪೆಡಲುಗಳ ಅಚ್ಚು ತಿರುಗುವ ಜಾಗ) ಮೇಲಿಂದ ಹೋಗದೆ ಅಡಿಯಿಂದ ಹೋದರೆ 1980ರ ದಶಕವನ್ನು ಊಹಿಸಬಹುದು. ಇವು ಕಟ್ಟಾಜ್ಞೆಗಳಲ್ಲ. ಇಟಲಿಯಲ್ಲಿ ಪ್ರತಿಯೊಬ್ಬ ಫ್ರೇಮ್ ಕಟ್ಟುವವನೂ ತನ್ನ ಮನಸ್ಸಿಗೆ ಬಂದಾಗ ಹೊಸ ಪದ್ಧತಿಗೆ ಹೊರಳಿದ. ಆದರೆ ಮೂರು ನಾಲ್ಕು ಕುರುಹು ಒಟ್ಟಿಗೆ ಒಂದೇ ಕಡೆ ಬೆರಳು ತೋರಿಸಿದರೆ ನಂಬಬಹುದು.

ಎರಡನೆಯದು ಹಿಂದಿನ ಕವಲಿನ ಒಳ ಅಗಲ. ಇದು ಬಹಳ ಮುಖ್ಯವಾದ್ದರಿಂದ ಕೆಳಗೆ ಬೇರೆಯಾಗಿ ಬರೆದಿದ್ದೇನೆ.

ಮೂರನೆಯದು ಕೊಳವೆಯ ಜಾತಿ. ಮಿಲಾನಿನ ಕೊಲಂಬಸ್ ಕಂಪನಿಯ ಎಸ್‌ಎಲ್ ಮತ್ತು ಎಸ್‌ಪಿ ಕೊಳವೆಗಳು ಆ ಕಾಲದ ಒಳ್ಳೆಯ ರೇಸ್ ಫ್ರೇಮುಗಳ ಜೀವ. ಎಸ್‌ಎಲ್‌ನ ಮುಖ್ಯ ಕೊಳವೆಗಳ ಗೋಡೆ ತುದಿಗಳಲ್ಲಿ 0.9 ಮಿ.ಮೀ., ನಡುವೆ 0.6 ಮಿ.ಮೀ. ಎಸ್‌ಪಿಯಲ್ಲಿ ಅದೇ 1.0 ಮತ್ತು 0.7. ಫೋರ್ಕ್ ಕಳಚಿ, ಅದರ ಕಾಂಡದೊಳಕ್ಕೆ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಸುರುಳಿ ಸುತ್ತಿದ ಏಣುಗಳು ಕಾಣುತ್ತವೆ. ಸ್ಟಿಕ್ಕರ್ ಹೇಳುವ ಮಾತಿಗಿಂತ ಆ ಏಣುಗಳ ಮಾತು ಗಟ್ಟಿ. ಫ್ರೇಮಿನ ಕೊಳವೆಗಳಲ್ಲೂ, ಬಾಟಮ್ ಬ್ರಾಕೆಟ್ ಕಡೆಯ ತುದಿಯಲ್ಲಿ, ಅಂಥ ಏಣುಗಳಿದ್ದರೆ ಅದು 1980ರ ದಶಕದಲ್ಲಿ ಬಂದ ಎಸ್‌ಎಲ್‌ಎಕ್ಸ್.

'ಕಾಲಕ್ಕೆ ಹೊಂದುವುದು' ಎಂದರೆ ಎಲ್ಲವೂ ಕಂಪಾನ್ಯೋಲೊ ಆಗಿರಬೇಕೆ?

ಆಗಿರಬೇಕಿಲ್ಲ. ಕಂಪಾನ್ಯೋಲೊ ಇಟಲಿಯ ಹೆಸರಾಂತ ಸೈಕಲ್ ಬಿಡಿಭಾಗಗಳ ಕಂಪನಿ. ಹಾಗಿರುವುದು ಸಾಧ್ಯವೂ ಇರಲಿಲ್ಲ. 1970ರ ದಶಕದಲ್ಲಿ 'ಪೂರ್ತಿ ಕಂಪಾನ್ಯೋಲೊ' ಎಂದು ಹೇಳುತ್ತಿದ್ದ ಸೈಕಲ್‌ನಲ್ಲೂ ಹ್ಯಾಂಡಲ್ ಮತ್ತು ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ಭಾಗ) ಚಿನೆಲ್ಲಿಯದೋ ತ್ರೀ ಟಿಟಿಟಿಯದೋ ಆಗಿರುತ್ತಿತ್ತು. ಫ್ರೀವೀಲ್ ಮತ್ತು ಚೈನು ರೆಜಿನಾ. ರಿಮ್ಮು ಫಿಯಾಮ್ಮೆ, ನಿಸಿ ಅಥವಾ ಆಂಬ್ರೋಸಿಯೊ. ಟೈರು ಕ್ಲೆಮೆಂಟ್ ಅಥವಾ ವಿತ್ತೋರಿಯಾ. ಪಂಪು ಸಿಲ್ಕಾ. ಕಾಲ್ಬೆರಳಿನ ಕ್ಲಿಪ್ಪು ಫ್ರಾನ್ಸಿನ ಕ್ರಿಸ್ಟೋಫ್, ಅದರ ಪಟ್ಟಿ ಆಲ್ಫ್ರೆಡೊ ಬಿಂದಾ.

ಆಗಿನ ಇಟಲಿಯಲ್ಲಿ ರೇಸ್ ಸೈಕಲ್ ಅಂದರೆ ಬಹಳ ಸಲ ಬರೀ ಫ್ರೇಮ್ ಕೊಂಡು ತನಗೆ ಬೇಕಾದಂತೆ ಕಟ್ಟಿಸಿಕೊಳ್ಳುವ ವಸ್ತು. ದರ್ಜಿಯ ಹತ್ತಿರ ಹೋಗಿ ಅಂಗಿ ಹೊಲಿಸಿದಂತೆ. ಹಾಗಾಗಿ ಒಂದೇ ಫ್ರೇಮಿಗೆ ಒಂದೇ 'ಸರಿಯಾದ' ಪಟ್ಟಿ ಇರುವುದಿಲ್ಲ. ನಾನು ಪಾಲಿಸುವ ದಾರಿ ಹೀಗಿದೆ: ಒಂದು ವರ್ಷವನ್ನೂ ಒಬ್ಬ ಸವಾರನನ್ನೂ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುತ್ತೇನೆ. 1976ರಲ್ಲಿ ವಾರಾಂತ್ಯಕ್ಕೆ ರೇಸ್ ಓಡುವ ಕಾರ್ಖಾನೆಯ ಹುಡುಗನೇ? ಅವನ ಫ್ರೇಮ್ ಹೊಸದು, ಆದರೆ ಕ್ರ್ಯಾಂಕು (ಪೆಡಲಿನ ತೋಳು) ಹಳೆಯ ಸೈಕಲ್‌ನಿಂದ ಬಿಚ್ಚಿ ಹಾಕಿದ್ದು. ಆದ್ದರಿಂದ ಭಾಗಗಳು ಫ್ರೇಮಿಗಿಂತ ನಾಲ್ಕೈದು ವರ್ಷ ಹಳೆಯದಾಗಿದ್ದರೂ ನನಗೆ ಸಹಜವೇ. ಅಂಗಡಿಯಿಂದ ಹೊರಬಂದ ದಿನದ ರೂಪ ಬೇಕೆನ್ನುವವರು ಫ್ರೇಮಿನ ವರ್ಷಕ್ಕೇ ಅಂಟಿಕೊಳ್ಳಲಿ. ಎರಡೂ ಪ್ರಾಮಾಣಿಕ ದಾರಿಗಳೇ. ಒಂದೇ ಸೈಕಲ್‌ನಲ್ಲಿ 1965, 1978, 1988 ಮೂರನ್ನೂ ಕಲಸಿದರೆ ಮಾತ್ರ ಯಾವ ಸವಾರನೂ ಕಣ್ಣಿಗೆ ಕಟ್ಟುವುದಿಲ್ಲ.

ಕಂಪಾನ್ಯೋಲೊದ ಯಾವ ಸೆಟ್ ಯಾವ ಕಾಲಕ್ಕೆ ಸೇರಿದ್ದು?

ತುಲ್ಲಿಯೊ ಕಂಪಾನ್ಯೋಲೊ ವಿಚೆಂಜಾದಲ್ಲಿ 1933ರಲ್ಲಿ ಶುರು ಮಾಡಿದ ಕಾರ್ಖಾನೆ ಇದು. ಚಕ್ರವನ್ನು ಒಂದು ಲಿವರ್ ತಿರುಗಿಸಿ ಬಿಚ್ಚುವ ಕ್ವಿಕ್ ರಿಲೀಸ್ ಅವನದೇ ಕೊಡುಗೆ. ಯುದ್ಧದ ಆಚೀಚಿನ ಕಾಂಬಿಯೊ ಕೋರ್ಸಾ ಗೇರು ಎರಡು ಉದ್ದ ಲಿವರ್‌ಗಳದ್ದು. ಸವಾರ ಹಿಂದಕ್ಕೆ ಕೈ ಚಾಚಿ, ಚಕ್ರ ಸಡಿಲಿಸಿ, ಪೆಡಲನ್ನು ಹಿಂದಕ್ಕೆ ತಿರುಗಿಸಿ ಗೇರ್ ಬದಲಿಸಬೇಕಿತ್ತು. ಜೀನೊ ಬರ್ತಾಲಿ 1948ರ ಟೂರ್ ದ ಫ್ರಾನ್ಸ್ ಗೆದ್ದದ್ದು ಇದರಲ್ಲೇ. ಅದಕ್ಕೆ ಹಲ್ಲು ಕೊರೆದ ವಿಶೇಷ ಡ್ರಾಪೌಟ್ (ಚಕ್ರದ ಅಚ್ಚು ಕೂರುವ ಕವಲಿನ ತುದಿ) ಬೇಕು. ನಿಮ್ಮ ಫ್ರೇಮಿನಲ್ಲಿ ಆ ಹಲ್ಲು ಇಲ್ಲದಿದ್ದರೆ ಆ ಆಸೆ ಬಿಡಿ.

1950ರ ದಶಕದ ಆರಂಭಕ್ಕೆ ಗ್ರಾನ್ ಸ್ಪೋರ್ಟ್ ಡಿರೇಲರ್ ಬಂತು. ಕೇಬಲ್ ಎಳೆದರೆ ನಾಲ್ಕು ಕೀಲಿನ ಚೌಕಟ್ಟು ಒಳಗೆ ಹೊರಗೆ ಸರಿಯುವ ಈ ವಿನ್ಯಾಸದ ವಂಶವೇ ಇವತ್ತಿನ ಡಿರೇಲರ್‌ಗಳೆಲ್ಲ. 1963ರಲ್ಲಿ ಅದೇ ಜಾತಿಯ ರೆಕಾರ್ಡ್ ಬಂತು, ಕ್ರೋಮ್ ಲೇಪಿಸಿದ್ದು, ಕೈಗೆ ಭಾರ. 1967ಕ್ಕೆ ಅಲ್ಯೂಮಿನಿಯಂನ ನುವೊವೊ ರೆಕಾರ್ಡ್. ಇದು ಹತ್ತಿರ ಹತ್ತಿರ ಇಪ್ಪತ್ತು ವರ್ಷ ತಯಾರಾಯಿತು. ಆದ್ದರಿಂದಲೇ ಈಗಲೂ ಧಾರಾಳವಾಗಿ ಸಿಗುತ್ತದೆ, ಬಿಡಿಭಾಗವೂ ಸಿಗುತ್ತದೆ. ಎಲ್ಲಿಂದ ಶುರು ಮಾಡಲೆಂದು ಕೇಳಿದವರಿಗೆಲ್ಲ ನಾನು ನುವೊವೊ ರೆಕಾರ್ಡ್ ಅನ್ನೇ ಹೇಳುತ್ತೇನೆ. ಸರಳ, ಗಟ್ಟಿ, ಬಿಚ್ಚಿ ತೊಳೆದು ಮತ್ತೆ ಜೋಡಿಸಿದರೆ ಹೊಸದರಂತೆ ಕೆಲಸ ಮಾಡುತ್ತದೆ.

1973–74ರ ಹೊತ್ತಿಗೆ ಸೂಪರ್ ರೆಕಾರ್ಡ್: ಟೈಟಾನಿಯಂ ಬೋಲ್ಟುಗಳು, ಕಪ್ಪು ಆನೊಡೈಸ್ ಭಾಗಗಳು, ಕೆಲವು ಗ್ರಾಂ ಹಗುರ. ಕೆಲಸದಲ್ಲಿ ನುವೊವೊ ರೆಕಾರ್ಡ್‌ಗಿಂತ ಹೇಳಿಕೊಳ್ಳುವಷ್ಟು ವ್ಯತ್ಯಾಸವಿಲ್ಲ, ಬೆಲೆಯಲ್ಲಿ ಮಾತ್ರ ಬಹಳ ಇದೆ. 1980ರ ದಶಕದ ಮಧ್ಯದಲ್ಲಿ ಸಿ-ರೆಕಾರ್ಡ್ ಮತ್ತು ಅದರ ತ್ರಿಕೋನಾಕಾರದ ಡೆಲ್ಟಾ ಬ್ರೇಕು. ನೋಡಲು ಶಿಲ್ಪದ ಹಾಗಿದೆ, ಹೊಂದಿಸಲು ತಾಳ್ಮೆ ಬೇಕು. ಹ್ಯಾಂಡಲ್‌ನಲ್ಲೇ ಗೇರ್ ಬದಲಿಸುವ ಎರ್ಗೊಪವರ್ ಬಂದದ್ದು 1992ರಲ್ಲಿ. 1970ರ ದಶಕದ ಫ್ರೇಮಿಗೆ ಅದನ್ನು ಹಾಕಿದರೆ ಓಡುತ್ತದೆ ನಿಜ, ಆದರೆ ಈ ಪುಟದ ವಿಷಯ ಅದಲ್ಲ.

ಬ್ರೇಕಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕಂಪಾನ್ಯೋಲೊ ತನ್ನ ಸೈಡ್‌ಪುಲ್ (ಕೇಬಲ್ ಪಕ್ಕದಿಂದ ಎಳೆಯುವ) ಬ್ರೇಕನ್ನು ಹೊರತಂದದ್ದೇ 1960ರ ದಶಕದ ಕೊನೆಗೆ. 1964ರ ಫ್ರೇಮಿಗೆ ಅದನ್ನು ಹಾಕಿದರೆ ತಿಳಿದವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಆ ಕಾಲಕ್ಕೆ ಯೂನಿವರ್ಸಲ್‌ನ 61 ಎಂಬ ಸೆಂಟರ್‌ಪುಲ್ (ಕೇಬಲ್ ನಡುವಿನಿಂದ ಎಳೆಯುವ) ಬ್ರೇಕ್ ಸರಿಯಾದದ್ದು, ಮತ್ತು ಅಗ್ಗದ್ದು.

ಕೊಂಡ ಭಾಗ ನಿಜವಾಗಿ ಯಾವ ವರ್ಷದ್ದು, ಭಾಗದ ಮೇಲೇ ಗುರುತು ಇದೆಯೇ?

ಇದೆ, ಕಂಪಾನ್ಯೋಲೊದ ಒಂದು ದೊಡ್ಡ ಉಪಕಾರ ಇದು. 1970ರ ದಶಕದಿಂದ ನುವೊವೊ ರೆಕಾರ್ಡ್ ಮತ್ತು ಸೂಪರ್ ರೆಕಾರ್ಡ್ ಹಿಂಬದಿ ಡಿರೇಲರ್‌ನ ಮೇಲಿನ ಮೈಯಲ್ಲಿ 'ಪೇಟೆಂಟ್' ಎಂಬ ಪದದ ಪಕ್ಕ ಎರಡು ಅಂಕಿ ಇರುತ್ತದೆ. 78 ಎಂದಿದ್ದರೆ 1978. ಹಬ್ಬಿನ ಲಾಕ್‌ನಟ್ಟಿನ ಮೇಲೆ 'ಸಿಎಎಂ' ಅಕ್ಷರಗಳ ಜೊತೆ ವರ್ಷದ ಎರಡು ಅಂಕಿ. ಕ್ರ್ಯಾಂಕಿನ ತೋಳನ್ನು ತಿರುಗಿಸಿ ಹಿಂಬದಿ ನೋಡಿ: ವಜ್ರಾಕಾರದ ಚೌಕಟ್ಟಿನೊಳಗೆ ಒಂದು ಅಂಕಿ ಇದ್ದರೆ 1970ರ ದಶಕದ ಆ ವರ್ಷ, ವೃತ್ತದೊಳಗೆ ಇದ್ದರೆ 1980ರ ದಶಕದ್ದು. ವಜ್ರದೊಳಗೆ 6 ಎಂದರೆ 1976, ವೃತ್ತದೊಳಗೆ 2 ಎಂದರೆ 1982. ಗುರುತೇ ಇಲ್ಲದಿದ್ದರೆ ಬಹುಪಾಲು 1973ಕ್ಕಿಂತ ಹಿಂದಿನದು.

ಎಡ ಬಲ ಎರಡೂ ತೋಳುಗಳ ಗುರುತು ನೋಡಿಯೇ ಹಣ ಕೊಡಿ. ಬೇರೆ ಬೇರೆ ವರ್ಷದ ತೋಳುಗಳನ್ನು ಜೋಡಿ ಎಂದು ಮಾರುವುದು ಸಾಮಾನ್ಯ. ಅದು ಓಡಿಸಲು ತೊಂದರೆಯಲ್ಲ, ಬೆಲೆಗೆ ತೊಂದರೆ. ತೋಳಿನ ಉದ್ದವನ್ನೂ ಓದಿ. ಒಂದು 170, ಇನ್ನೊಂದು 172.5 ಇರುವ 'ಜೋಡಿ'ಯನ್ನು ನಾನೇ ಕೈಯಲ್ಲಿ ಹಿಡಿದಿದ್ದೇನೆ.

ಇನ್ನೊಂದು ಮಾತು, ಸ್ಟೆಮ್ ಮತ್ತು ಚೈನ್‌ರಿಂಗ್ (ಕ್ರ್ಯಾಂಕಿಗೆ ಕೂರುವ ಹಲ್ಲಿನ ಚಕ್ರ) ಮೇಲೆ ಫ್ರೇಮ್ ಕಟ್ಟಿದವನ ಗುರುತು ಕೊರೆದು ಬಣ್ಣ ತುಂಬಿದ ಭಾಗಗಳ ಬಗ್ಗೆ. ಕೊಲ್ನಾಗೊದ ಕ್ಲೋವರ್ ಎಲೆ, ಡಿ ರೋಸಾದ ಹೃದಯ ಇತ್ಯಾದಿ. ಅವು ಆಯಾ ಫ್ರೇಮಿಗೇ ಸೇರಬೇಕು. ಡಿ ರೋಸಾ ಮೇಲೆ ಕ್ಲೋವರ್ ಎಲೆ ಕಂಡರೆ ನನಗೆ ಬೇರೆಯವರ ಲಗ್ನಪತ್ರಿಕೆಯಲ್ಲಿ ನಮ್ಮ ಹೆಸರು ಓದಿದ ಹಾಗಾಗುತ್ತದೆ.

ಇಟಾಲಿಯನ್ ಥ್ರೆಡ್ ಬೇರೆ ಎನ್ನುತ್ತಾರೆ. ಎಲ್ಲೆಲ್ಲಿ ಬೇರೆ?

ಬಾಟಮ್ ಬ್ರಾಕೆಟ್‌ನಲ್ಲಿ ಪೂರ್ತಿ ಬೇರೆ. ಇಟಾಲಿಯನ್ ಶೆಲ್ (ಬಾಟಮ್ ಬ್ರಾಕೆಟ್ ಕೂರುವ ಫ್ರೇಮಿನ ಅಡ್ಡ ಕೊಳವೆ) 70 ಮಿ.ಮೀ. ಅಗಲ, ತಿರುಪು 36 ಮಿ.ಮೀ. ವ್ಯಾಸ, ಇಂಚಿಗೆ 24 ಸುತ್ತು. ಇಂಗ್ಲಿಷ್ ಶೆಲ್ 68 ಮಿ.ಮೀ. ಅಗಲ, ತಿರುಪು 1.370 ಇಂಚು. ಅಳತೆಗಿಂತ ಮುಖ್ಯವಾದ ವ್ಯತ್ಯಾಸವೆಂದರೆ ತಿರುಗುವ ದಿಕ್ಕು. ಇಂಗ್ಲಿಷ್‌ನಲ್ಲಿ ಚೈನಿನ ಕಡೆಯ ಕಪ್ (ಬೇರಿಂಗ್ ಕೂರುವ ಬಟ್ಟಲು) ಎಡಕ್ಕೆ ತಿರುಗಿ ಬಿಗಿಯಾಗುತ್ತದೆ. ಇಟಾಲಿಯನ್‌ನಲ್ಲಿ ಎರಡೂ ಕಡೆ ಬಲಕ್ಕೆ. ಹೀಗಾಗಿ ಪೆಡಲ್ ತುಳಿಯುತ್ತ ಹೋದಂತೆ ಚೈನಿನ ಕಡೆಯ ಕಪ್ ತಾನಾಗಿ ಸಡಿಲವಾಗುವ ಸ್ವಭಾವ ಇಟಾಲಿಯನ್ ಶೆಲ್‌ಗೆ ಇದೆ. ಆ ಕಪ್ಪನ್ನು ಸರಿಯಾದ ಹಿಡಿತದ ಸ್ಪ್ಯಾನರ್‌ನಿಂದ ಚೆನ್ನಾಗಿ ಬಿಗಿಯಬೇಕು, ತಿಂಗಳಿಗೊಮ್ಮೆ ಮುಟ್ಟಿ ನೋಡಬೇಕು. ಬಿಚ್ಚುವಾಗ ದಿಕ್ಕು ತಪ್ಪಿ ಸುತ್ತಿಗೆ ಬಳಸಿ ಶೆಲ್ಲನ್ನೇ ಹಾಳು ಮಾಡಿದ ಫ್ರೇಮುಗಳಿವೆ. ಯಾವುದೇ ಅಂಗಡಿಗೆ ಕೊಡುವ ಮೊದಲು 'ಎರಡೂ ಕಡೆ ಬಲ ಥ್ರೆಡ್' ಎಂದು ಚೀಟಿ ಬರೆದು ಫ್ರೇಮಿಗೆ ಕಟ್ಟಿ ಕೊಡಿ. ನಾನು ಹಾಗೆಯೇ ಮಾಡುತ್ತೇನೆ.

ಆಕ್ಸಲ್ ಕೊಳ್ಳುವಾಗ ಅದರ ಮೇಲಿನ ಬರಹದಲ್ಲಿ 70 ಇದೆಯೋ 68 ಇದೆಯೋ ನೋಡಿ. ಆ ಎರಡು ಮಿಲಿಮೀಟರನ್ನು ಕಡೆಗಣಿಸಿದರೆ ಚೈನ್‌ರಿಂಗ್ ಇರಬೇಕಾದ ಸಾಲಿನಲ್ಲಿ ಇರುವುದಿಲ್ಲ, ಬೇರಿಂಗೂ ಸರಿಯಾಗಿ ಹೊಂದುವುದಿಲ್ಲ.

ಹೆಡ್‌ಸೆಟ್‌ನಲ್ಲಿ (ಫೋರ್ಕ್ ತಿರುಗಲು ಬಿಡುವ ಬೇರಿಂಗ್ ಜೋಡಣೆ) ವ್ಯತ್ಯಾಸ ಸಣ್ಣದು: ಎರಡೂ ಒಂದು ಇಂಚು, ಇಂಚಿಗೆ 24 ಸುತ್ತು. ಫೋರ್ಕಿನ ಕಿರೀಟದ ಮೇಲೆ ಕೂರುವ ಬಳೆ ಇಟಾಲಿಯನ್‌ನಲ್ಲಿ 26.5 ಮಿ.ಮೀ., ಇಂಗ್ಲಿಷ್‌ನಲ್ಲಿ 26.4. ಫ್ರೀವೀಲ್ ತಿರುಪಿನಲ್ಲೂ ಕೂದಲೆಳೆಯ ವ್ಯತ್ಯಾಸ. ಒಂದರ ಮೇಲೊಂದು ಕೂರುತ್ತದೆ, ಆದರೆ ಅಲ್ಯೂಮಿನಿಯಂ ಹಬ್ಬಿನ ಮೇಲೆ ಎರಡು ಜಾತಿಯ ಫ್ರೀವೀಲನ್ನು ಪದೇ ಪದೇ ಬದಲಿಸಬೇಡಿ. ಫ್ರೆಂಚ್ ಹಬ್ಬಿಗೆ ಮಾತ್ರ ಇಟಾಲಿಯನ್ ಫ್ರೀವೀಲನ್ನು ಒತ್ತಾಯದಿಂದ ಹಾಕಲೇಬೇಡಿ.

ನಮ್ಮ ಬೀದಿಯ ಸೈಕಲ್ ಅಂಗಡಿಯಲ್ಲಿ ಇದರ ಯಾವುದಾದರೂ ಸಾಮಾನು ಸಿಗುತ್ತದೆಯೇ?

ಕಪ್, ಆಕ್ಸಲ್, ಕೋನ್ ಯಾವುದೂ ಹೊಂದುವುದಿಲ್ಲ. ಆದರೆ ಬೇರಿಂಗಿನ ಗುಂಡು ಸಿಗುತ್ತದೆ, ಏಕೆಂದರೆ ಇವೆಲ್ಲ ಇಂಚಿನ ಲೆಕ್ಕದವು. ಕಂಪಾನ್ಯೋಲೊ ರೆಕಾರ್ಡ್‌ನ ಬಾಟಮ್ ಬ್ರಾಕೆಟ್‌ಗೂ ಹಿಂದಿನ ಹಬ್ಬಿಗೂ ಕಾಲಿಂಚು ಗುಂಡು, ಮುಂದಿನ ಹಬ್ಬಿಗೆ 7/32, ಹೆಡ್‌ಸೆಟ್‌ಗೆ 3/16. ಬಿಡಿ ಗುಂಡು ಎಣಿಸಿ ಕೊಳ್ಳುವಾಗ ಒಳ್ಳೆಯ ದರ್ಜೆಯದನ್ನೇ ಕೇಳಿ, ಒಂದು ಬೇರಿಂಗಿಗೆ ಒಂದೇ ಪೊಟ್ಟಣದ ಗುಂಡು ಹಾಕಿ. ಗ್ರೀಸು, ಕೇಬಲ್ಲಿನ ತುದಿ ಟೋಪಿ, ಕೈಯ ಕೆಲಸ ಇವೂ ಅಲ್ಲೇ ಸಿಗುತ್ತವೆ. ವಯಸ್ಸಾದ ಮೆಕ್ಯಾನಿಕ್ ಒಬ್ಬರು ಕೋನ್ ಹೊಂದಿಸುವುದನ್ನು ಪಕ್ಕದಲ್ಲಿ ನಿಂತು ನೋಡಿದರೆ ಯಾವ ವಿಡಿಯೊಗಿಂತ ಹೆಚ್ಚು ಕಲಿಯುತ್ತೀರಿ.

ಹಿಂದಿನ ಚಕ್ರಕ್ಕೆ 120, 126, 130 ಎನ್ನುತ್ತಾರೆ. ಇದೇನು?

ಹಿಂದಿನ ಕವಲಿನ ಎರಡು ಡ್ರಾಪೌಟ್‌ಗಳ ನಡುವಿನ ಒಳ ಅಗಲ, ಮಿಲಿಮೀಟರಿನಲ್ಲಿ. ಐದು ಗೇರಿನ ಫ್ರೀವೀಲ್ ಕಾಲಕ್ಕೆ 120. ಆರು ಮತ್ತು ಏಳು ಗೇರಿಗೆ 126. ಎಂಟು ಗೇರು ಬಂದ ಮೇಲೆ, ಅಂದರೆ 1980ರ ದಶಕದ ಕೊನೆಯಿಂದ, 130. ವರ್ನಿಯರ್ ಕ್ಯಾಲಿಪರ್‌ನಿಂದ ಮೂರು ಸಲ ಅಳೆದು ನೋಡಿ. 120 ಬಂದರೆ ಐದು ಗೇರಿಗೇ ಒಗ್ಗಿಕೊಳ್ಳಿ ಎಂಬುದು ನನ್ನ ಸಲಹೆ. ಸ್ಟೀಲ್ ಆದ್ದರಿಂದ ಕವಲನ್ನು ಅಗಲಿಸಬಹುದು, ಬಹಳ ಜನ ಅಗಲಿಸಿದ್ದಾರೆ. ಅಗಲಿಸಿದ ಮೇಲೆ ಡ್ರಾಪೌಟ್‌ಗಳು ಮತ್ತೆ ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲಬೇಕು. ಅದಕ್ಕೆ ಉಪಕರಣವೂ ಅನುಭವವೂ ಬೇಕು. ಐವತ್ತು ವರ್ಷ ಹಾಗೇ ನಿಂತ ಬೆಸುಗೆಯನ್ನು ಒಂದು ಹೆಚ್ಚಿನ ಗೇರಿಗಾಗಿ ಅಲ್ಲಾಡಿಸುವುದು ನನಗೆ ಸರಿಕಾಣುವುದಿಲ್ಲ. ಹಳೆಯ ಫ್ರೇಮ್ ಈಗಾಗಲೇ 126ಕ್ಕೆ ಅಗಲವಾಗಿದ್ದರೆ ಹಿಂದಿನ ಮಾಲೀಕ ಆ ಕೆಲಸ ಮುಗಿಸಿದ್ದಾನೆಂದು ತಿಳಿದು ಆರು ಗೇರು ಹಾಕಿ ಸುಖವಾಗಿ ಓಡಿಸಿ.

ಬೆಂಗಳೂರಿನಲ್ಲಿದ್ದೇನೆ, ನಂದಿಬೆಟ್ಟ ಹತ್ತಬೇಕು. ಆ ಕಾಲದ ಗೇರಿನಲ್ಲಿ ಆಗುತ್ತದೆಯೇ?

ಕಷ್ಟ. ಮುಚ್ಚಿಡದೆ ಹೇಳಬೇಕಾದ ವಿಷಯ ಇದು. ಆ ಸೈಕಲ್‌ಗಳನ್ನು ಕಟ್ಟಿದ್ದು ವೃತ್ತಿಪರ ಸವಾರರ ಕಾಲಿಗೆ. 1967ರಿಂದೀಚಿನ ರೆಕಾರ್ಡ್ ಕ್ರ್ಯಾಂಕಿನ ಬೋಲ್ಟುಗಳು ನಿಲ್ಲುವ ವೃತ್ತದ ವ್ಯಾಸ 144 ಮಿ.ಮೀ., ಅದಕ್ಕೆ 41 ಹಲ್ಲಿಗಿಂತ ಸಣ್ಣ ಚೈನ್‌ರಿಂಗ್ ಕೂರುವುದಿಲ್ಲ. ಅದಕ್ಕೂ ಹಿಂದಿನದರಲ್ಲಿ 151 ಮಿ.ಮೀ., 44 ಹಲ್ಲಿಗಿಂತ ಕೆಳಗೆ ಇಳಿಯುವಂತಿಲ್ಲ. ಹಿಂದೆ ನುವೊವೊ ರೆಕಾರ್ಡ್ ಡಿರೇಲರ್ 26 ಹಲ್ಲಿನವರೆಗೆ ನಿಶ್ಚಿಂತೆ, ಕೆಲವು ಫ್ರೇಮುಗಳಲ್ಲಿ 28 ಕೂಡ ಎಳೆಯುತ್ತದೆ. ಮುಂದೆ 42, ಹಿಂದೆ 26: ಇದನ್ನಿಟ್ಟುಕೊಂಡು ನಂದಿಯ ಕೊನೆಯ ತಿರುವುಗಳಲ್ಲಿ ಮಂಡಿ ಏನು ಹೇಳುತ್ತದೆಂದು ಹತ್ತಿದವರಿಗೆ ಗೊತ್ತು.

ಕಾಲ ಬಿಡದೆ ಗೇರ್ ಇಳಿಸಲು ದಾರಿಗಳಿವೆ. 1980ರ ದಶಕದ ಫ್ರೇಮಾದರೆ ಕಂಪಾನ್ಯೋಲೊದ್ದೇ ವಿಕ್ಟರಿ ಅಥವಾ ಟ್ರಯೋಂಫ್ ಕ್ರ್ಯಾಂಕ್ ನೋಡಿ. ಅವುಗಳ ವೃತ್ತ 116 ಮಿ.ಮೀ., 35 ಹಲ್ಲಿನವರೆಗೆ ಇಳಿಯಬಹುದು. ಚೈನ್‌ರಿಂಗ್ ಹುಡುಕಲು ಸಮಯ ಹಿಡಿಯುತ್ತದೆ. 1970ರ ದಶಕದ್ದಾದರೆ ಹಿಂದೆ ಉದ್ದ ಪಂಜರದ ಕಂಪಾನ್ಯೋಲೊ ರ‍್ಯಾಲಿ ಡಿರೇಲರ್ ಇತ್ತು, ಪ್ರವಾಸದ ಸವಾರರಿಗೆಂದು ಮಾಡಿದ್ದು. ಈಗ ದುಬಾರಿ. ಇದಾವುದೂ ಆಗದಿದ್ದರೆ ಬೆಟ್ಟದ ದಿನ ಹೊಸ ಫ್ರೀವೀಲೂ ಆ ಕಾಲದ್ದೇ ಜಪಾನಿ ಡಿರೇಲರೂ ಹಾಕಿ, ಉಳಿದ ದಿನ ಮೂಲದ್ದು. ಮಂಡಿಗೆ ಬದಲಿ ಭಾಗ ಸಿಗುವುದಿಲ್ಲ.

ಹ್ಯಾಂಡಲ್ ಮತ್ತು ಸ್ಟೆಮ್ ಹೊಂದುತ್ತಿಲ್ಲ, ಏಕೆ?

ಚಿನೆಲ್ಲಿ ಹ್ಯಾಂಡಲಿನ ನಡುಭಾಗ 26.4 ಮಿ.ಮೀ. ದಪ್ಪ. ಇತರರದು ಬಹುತೇಕ 26.0 ಅಥವಾ ಅದಕ್ಕಿಂತ ತುಸು ಕಡಿಮೆ. 26.0 ಹ್ಯಾಂಡಲನ್ನು ಚಿನೆಲ್ಲಿ ಸ್ಟೆಮ್ಮಿನಲ್ಲಿ ಬಿಗಿದರೆ ಬಿಗಿಯಾದಂತೆ ಕಾಣುತ್ತದೆ, ರಸ್ತೆಯ ಗುಂಡಿಗೆ ಚಕ್ರ ಬಿದ್ದಾಗ ಜಾರುತ್ತದೆ. ತಗಡಿನ ತುಂಡು ತುರುಕಿ ಹೊಂದಿಸುವ ಕೆಲಸ ಬೇಡ. ಚಿನೆಲ್ಲಿಗೆ ಚಿನೆಲ್ಲಿ, ತ್ರೀ ಟಿಟಿಟಿಗೆ ತ್ರೀ ಟಿಟಿಟಿ. 1978ರಲ್ಲಿ ಚೀನೊ ಚಿನೆಲ್ಲಿ ಕಂಪನಿಯನ್ನು ಕೊಲಂಬಸ್ ಮನೆತನದ ಆಂಟೋನಿಯೊ ಕೊಲಂಬೊಗೆ ಒಪ್ಪಿಸಿದ ಮೇಲೆ ಹಳೆಯ ಲಾಂಛನ ಹೋಗಿ ರೆಕ್ಕೆಯ 'ಸಿ' ಬಂತು. ಸ್ಟೆಮ್ಮಿನ ಮೇಲೆ ಯಾವ ಲಾಂಛನ ಎನ್ನುವುದರಿಂದಲೇ 1970ರ ದಶಕದ ಫ್ರೇಮಿಗೆ ಹೊಂದುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಸೀಟಿನ ಕಂಬ ಕೊಲಂಬಸ್ ಎಸ್‌ಎಲ್ ಫ್ರೇಮಿಗೆ ಸಾಮಾನ್ಯವಾಗಿ 27.2 ಮಿ.ಮೀ., ಎಸ್‌ಪಿಗೆ 27.0. ಊಹಿಸಿ ಕೊಳ್ಳಬೇಡಿ, 0.2 ಮಿ.ಮೀ. ಕಡಿಮೆಯ ಕಂಬ ಹಾಕಿ ಬಿಗಿದು ಬಿಗಿದು ಸೀಟಿನ ಹಿಡಿಕಿವಿ ಒಳಕ್ಕೆ ಬಾಗಿದ ಫ್ರೇಮುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸೀಟು, ಟೇಪು ಇತ್ಯಾದಿ?

1970ರ ದಶಕದ ಮೊದಲರ್ಧದವರೆಗೆ ಇಂಗ್ಲೆಂಡಿನ ಬ್ರೂಕ್ಸ್ ಪ್ರೊಫೆಷನಲ್ ಚರ್ಮದ ಸೀಟು ಇಟಾಲಿಯನ್ ಸೈಕಲ್ ಮೇಲೂ ಸಹಜ. ಪ್ಲಾಸ್ಟಿಕ್ ತಳದ ಚಿನೆಲ್ಲಿ ಯೂನಿಕಾನಿಟರ್ ಕೂಡ. ದಶಕದ ಕೊನೆಗೆ ಸೆಲ್ಲೆ ಸಾನ್ ಮಾರ್ಕೊದ ಕಾಂಕೋರ್, 1980ರ ದಶಕಕ್ಕೆ ಸೆಲ್ಲೆ ಇಟಾಲಿಯಾದ ಟರ್ಬೊ ಮತ್ತು ಸಾನ್ ಮಾರ್ಕೊದ ರೋಲ್ಸ್. ಹ್ಯಾಂಡಲಿಗೆ ಹತ್ತಿಯ ಟೇಪು ಎಲ್ಲ ಕಾಲಕ್ಕೂ ಆಗುತ್ತದೆ, ಮಿಂಚುವ ಬೆನೊಟ್ಟೊ ಟೇಪು 1980ರ ಆಸುಪಾಸಿಗೆ. ಬ್ರೇಕ್ ಲಿವರಿನ ರಬ್ಬರ್ ಹೊದಿಕೆ ಹಳೆಯದು ಸಿಕ್ಕರೂ ಕೈಯಲ್ಲೇ ಪುಡಿಯಾಗುತ್ತದೆ, ಹೊಸ ಪ್ರತಿ ಹಾಕಿ.

ಹಳೆಯದನ್ನು ಯಾವಾಗ ನಂಬಬಾರದು?

ಈ ಪುಟದಲ್ಲಿ ಒಂದೇ ಉತ್ತರ ಓದುವುದಿದ್ದರೆ ಇದನ್ನು ಓದಿ.

ರೆಕಾರ್ಡ್ ಮತ್ತು ಸೂಪರ್ ರೆಕಾರ್ಡ್‌ನ ಬಲ ಕ್ರ್ಯಾಂಕು ಐದು ಕವಲಾಗಿ ಒಡೆಯುವ ಜಾಗದಲ್ಲಿ, ಮುಖ್ಯ ತೋಳಿಗೂ ಅದರ ಪಕ್ಕದ ಕವಲಿಗೂ ನಡುವಿನ ಮೂಲೆಯಲ್ಲಿ, ಬಿರುಕು ಬಿಡುತ್ತದೆ. ಆ ಮೂಲೆ ಚೂಪಾಗಿರುವುದರಿಂದ ತುಳಿತದ ಭಾರವೆಲ್ಲ ಅಲ್ಲೇ ಸೇರುತ್ತದೆ. ಕೊಳ್ಳುವ ಮೊದಲು ಆ ಜಾಗದ ಹತ್ತಿರದ ಚಿತ್ರ ಕೇಳಿ. ಕೈಗೆ ಬಂದ ಮೇಲೆ ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಭೂತಗನ್ನಡಿ ಹಿಡಿದು ನೋಡಿ. ಕೂದಲೆಳೆಯಂಥ ಗೆರೆ ಕಂಡು ಉಗುರಿಗೆ ತಾಗಿದರೆ ಅದನ್ನು ಗೋಡೆಗೆ ತೂಗು ಹಾಕಿ, ಕಾಲ ಕೆಳಗೆ ಬೇಡ. ಬಹಳ ಚೆಂದದ ಒಂದು ಕ್ರ್ಯಾಂಕನ್ನು ನಾನು ಹಾಗೆ ಬಿಟ್ಟುಕೊಡಬೇಕಾಯಿತು. ತೊಳೆಯುವವರೆಗೆ ಬಿರುಕು ಕಪ್ಪು ಗ್ರೀಸಿನಡಿ ಅಡಗಿತ್ತು.

ಸೂಪರ್ ರೆಕಾರ್ಡ್‌ನ ಟೈಟಾನಿಯಂ ಬಾಟಮ್ ಬ್ರಾಕೆಟ್ ಆಕ್ಸಲ್, ಟೈಟಾನಿಯಂ ಪೆಡಲ್ ಆಕ್ಸಲ್ ಇವು ಮುರಿದ ಇತಿಹಾಸವಿರುವ ಭಾಗಗಳು. ಸ್ಟೀಲಿನದು ಹಾಕಿ, ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಹ್ಯಾಂಡಲ್ ಮತ್ತು ಸ್ಟೆಮ್ ಅಲ್ಯೂಮಿನಿಯಂನವು. ಎಷ್ಟು ಕಿಲೋಮೀಟರ್ ಓಡಿವೆ, ಎಷ್ಟು ಸಲ ಬಿದ್ದಿವೆ ಎಂದು ಅವು ಹೇಳುವುದಿಲ್ಲ. ಟೇಪು ಪೂರ್ತಿ ಬಿಚ್ಚಿ ಬ್ರೇಕ್ ಲಿವರಿನ ಪಟ್ಟಿಯ ಕೆಳಗೆ ಮತ್ತು ಸ್ಟೆಮ್ಮಿನ ಅಂಚಿನಲ್ಲಿ ಪರೀಕ್ಷಿಸಿ. ಬೆವರು ಇಳಿದು ಲೋಹ ತಿಂದು ಹೋಗಿದ್ದರೆ ಬದಲಿಸಿ. ಕೇಬಲ್, ಕೇಬಲ್ ಹೊದಿಕೆ, ಬ್ರೇಕ್ ರಬ್ಬರ್, ಚೈನು, ಟೈರು ಇವು ಯಾವ ಕಾಲದ ಸೈಕಲ್ ಆದರೂ ಹೊಸದೇ ಇರಲಿ. 1976ರ ಸವಾರನೂ ಇವನ್ನು ವರ್ಷ ವರ್ಷ ಹೊಸದಾಗಿ ಹಾಕುತ್ತಿದ್ದ. ಕಾಲಕ್ಕೆ ನಿಷ್ಠರಾಗಿರುವುದೆಂದರೆ ಅವನ ಅಭ್ಯಾಸಕ್ಕೂ ನಿಷ್ಠರಾಗಿರುವುದು.

ಅಂಟಿಸುವ ಟ್ಯೂಬ್ಯುಲರ್ ಟೈರೇ ಬೇಕೆ?

1970ರ ದಶಕದ ರೇಸ್ ಸೈಕಲ್‌ಗೆ ಅದೇ ಸರಿ. ಟೈರಿನೊಳಗೇ ಟ್ಯೂಬ್ ಹೊಲಿದು ರಿಮ್ಮಿಗೆ ಅಂಟಿಸುವ ಪದ್ಧತಿ. ಓಡಿಸುವ ಸುಖ ಬೇರೆಯೇ. ಪಂಕ್ಚರ್ ಆದರೆ ಮಾತ್ರ ದಾರಿ ಬದಿಯ ಅಂಗಡಿಯಲ್ಲಿ ಪ್ಯಾಚ್ ಹಾಕಿಸಲು ಬರುವುದಿಲ್ಲ, ಬಿಡಿ ಟೈರನ್ನು ಸೀಟಿನ ಕೆಳಗೆ ಮಡಚಿ ಕಟ್ಟಿಕೊಂಡೇ ಹೊರಡಬೇಕು. ನಮ್ಮ ಊರುಗಳಲ್ಲಿ ಅದು ದಿನನಿತ್ಯಕ್ಕೆ ಆಗದ ಮಾತು. ಎರಡು ಜೊತೆ ಚಕ್ರ ಇಟ್ಟುಕೊಳ್ಳಿ: ಒಂದು ಟ್ಯೂಬ್ಯುಲರ್, ಇನ್ನೊಂದು 1980ರ ದಶಕದ ಮ್ಯಾವಿಕ್ ಎಂಎ2ನಂಥ ಬೆಳ್ಳಿ ಬಣ್ಣದ ಕ್ಲಿಂಚರ್ (ಟ್ಯೂಬ್ ಬೇರೆಯಾಗಿರುವ ಮಾಮೂಲಿ ಟೈರಿನ) ರಿಮ್ಮಿನದು, 36 ಕಡ್ಡಿ. ಹತ್ತು ಹೆಜ್ಜೆ ದೂರದಿಂದ ವ್ಯತ್ಯಾಸ ತಿಳಿಯದು.

ಕಂಪಾನ್ಯೋಲೊ ಕೈಗೆಟುಕುತ್ತಿಲ್ಲ. ಬೇರೆ ಇಟಾಲಿಯನ್ ಹೆಸರುಗಳು ಆಗುತ್ತವೆಯೇ?

ಖಂಡಿತ ಆಗುತ್ತವೆ. ಒಫ್ಮೆಗಾ, ಜಿಪಿಯೆಮ್ಮೆ ಕ್ರ್ಯಾಂಕುಗಳು, ಮೊಡೊಲೊ, ಗಾಲ್ಲಿ ಬ್ರೇಕುಗಳು 1980ರ ಆಸುಪಾಸಿನ ಇಟಲಿಯ ನಿಜವಾದ ಬೀದಿಯ ಚಿತ್ರ. ದುಬಾರಿ ಸೆಟ್ ಹಾಕಿದ ಸೈಕಲ್‌ಗಳೇ ಜೋಪಾನವಾಗಿ ಉಳಿದದ್ದರಿಂದ ಎಲ್ಲರೂ ಅದನ್ನೇ ಓಡಿಸುತ್ತಿದ್ದರೆಂದು ನಮಗೆ ತೋರುತ್ತದೆ. ಮೊಡೊಲೊ ಬ್ರೇಕ್ ಹಿಡಿಯುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಕಂಪಾನ್ಯೋಲೊದ್ದೇ ಬೇಕೆಂದರೆ ನುವೊವೊ ಗ್ರಾನ್ ಸ್ಪೋರ್ಟ್ ನೋಡಿ, ನುವೊವೊ ರೆಕಾರ್ಡ್‌ನ ಕಡಿಮೆ ಬೆಲೆಯ ತಮ್ಮ.

ಎರೋಯಿಕಾಗೆ ಹೋಗುವ ಆಸೆಯಿದೆ. ನನ್ನ ಸೈಕಲ್ ನಡೆಯುತ್ತದೆಯೇ?

ಎರೋಯಿಕಾ 1997ರಿಂದ ಟಸ್ಕನಿಯ ಗಯೋಲೆ ಇನ್ ಕಿಯಾಂತಿ ಎಂಬ ಊರಿನಿಂದ ಬಿಳಿ ಮಣ್ಣಿನ ರಸ್ತೆಗಳಲ್ಲಿ ಸಾಗುವ ಹಳೆ ಸೈಕಲ್‌ಗಳ ಸವಾರಿ. ಸೈಕಲ್ 1987ಕ್ಕಿಂತ ಹಿಂದಿನದಾಗಿರಬೇಕು, ಗೇರ್ ಲಿವರ್ ಕೆಳಕೊಳವೆಯ ಮೇಲಿರಬೇಕು, ಪೆಡಲ್‌ಗೆ ಬೆರಳ ಕ್ಲಿಪ್ಪೂ ಪಟ್ಟಿಯೂ ಇರಬೇಕು, ಬ್ರೇಕ್ ಕೇಬಲ್ ಹ್ಯಾಂಡಲಿನ ಮೇಲಿಂದ ಬಿಲ್ಲಿನಂತೆ ಬಾಗಿ ಹೊರಗೆ ಕಾಣಬೇಕು. ಗಮನಿಸಿ, ಒಂದೇ ವರ್ಷದ ಭಾಗಗಳಿರಬೇಕೆಂದು ಈ ನಿಯಮಗಳು ಕೇಳುವುದಿಲ್ಲ. ಬಿಳಿ ಮಣ್ಣಿನ ಏರುಗಳು ಕಡಿದು, ಗೇರಿನ ಬಗ್ಗೆ ಮೇಲೆ ಹೇಳಿದ್ದನ್ನು ಮತ್ತೊಮ್ಮೆ ಓದಿಕೊಂಡು ಹೊರಡಿ. ಹೊರಡುವ ಮೊದಲು ಆ ವರ್ಷದ ನಿಯಮವನ್ನೂ ನೋಡಿಕೊಳ್ಳಿ.

ಬಣ್ಣ ಮಾಸಿದೆ. ಹೊಸದಾಗಿ ಬಳಿಸಲೇ?

ತುಕ್ಕು ಲೋಹ ತಿನ್ನುತ್ತಿಲ್ಲವಾದರೆ ಬೇಡ. ಮೂಲ ಬಣ್ಣ ಒಂದು ಸಲ ಹೋದರೆ ಹೋಯಿತು. ಮಂಗಳೂರು ಕಾರವಾರದ ಕಡೆಯವರು ಕ್ರೋಮ್ ಹಾಕಿದ ಕವಲಿನ ಬಗ್ಗೆ ಎಚ್ಚರವಾಗಿರಿ, ಉಪ್ಪುಗಾಳಿಗೆ ಅದು ಮೊದಲು ಚುಕ್ಕೆ ಚುಕ್ಕೆಯಾಗಿ ಕೆಡುತ್ತದೆ. ಮಳೆಗಾಲಕ್ಕೆ ಮುಂಚೆ ಮೇಣ ಸವರಿ, ಸೀಟಿನ ಕಂಬ ಬಿಚ್ಚಿ ಕೊಳವೆಯೊಳಗೆ ಎಣ್ಣೆ ಸಿಂಪಡಿಸಿ, ಕಂಬಕ್ಕೂ ಸ್ಟೆಮ್ಮಿಗೂ ಗ್ರೀಸ್ ಹಚ್ಚಿ ಕೂರಿಸಿ. ಅಲ್ಯೂಮಿನಿಯಂ ಸ್ಟೀಲಿನೊಳಗೆ ಹಿಡಿದುಕೊಂಡರೆ ಬಿಡಿಸುವುದು ಮಹಾ ಪಾಡು.

ಬಿಚ್ಚಿದ ಭಾಗಗಳನ್ನು ಮಾರಿಬಿಡಲೇ?

ಮಾರಬೇಡಿ. ಫ್ರೇಮಿನ ಜೊತೆ ಬಂದ ಪ್ರತಿ ಭಾಗವನ್ನೂ, ಮುರಿದದ್ದನ್ನೂ, ಒಂದು ಡಬ್ಬದಲ್ಲಿ ಹಾಕಿ ಮೇಲೆ ಫ್ರೇಮಿನ ನಂಬರು, ಬಿಚ್ಚಿದ ತಾರೀಖು ಬರೆದಿಡಿ. ಸಣ್ಣ ವಾಷರ್‌ಗಳನ್ನು ಬೋಲ್ಟಿಗೇ ಪೋಣಿಸಿ ದಾರ ಕಟ್ಟಿ. ಇವತ್ತು ತಪ್ಪು ಎಂದು ತೆಗೆದ ಲಾಕ್‌ನಟ್ಟಿನ ಮೇಲಿನ ಎರಡು ಅಂಕಿ ನಾಳೆ ಆ ಫ್ರೇಮಿನ ವರ್ಷ ಹೇಳಬಹುದು. ಸೈಕಲ್ ಕೈ ಬದಲಿಸಿದರೆ ಡಬ್ಬವೂ ಅದರ ಜೊತೆಗೇ ಹೋಗಲಿ.